ಎತ್ತರದ ಬೆಟ್ಟದಲ್ಲಿ ಆದಿಮಾನವರು: ನಿಮ್ಮ ಪ್ರಶ್ನೆಗೆ ಉತ್ತರ
ಚಿತ್ರದುರ್ಗದ ಚಂದ್ರವಳ್ಳಿ ನೋಡಿ ಬಂದವರು ಕೇಳಿದ್ದೀರಿ: ಉಸಿರಾಡಲೂ ಕಷ್ಟವಾಗುವ ಎತ್ತರದಲ್ಲಿ ಆದಿಮಾನವರು ನಿಜವಾಗಿ ಬದುಕಿದ್ದರಾ ಅಂತ.

ಬದುಕಿದ್ದರು ಸರ್. ಇಥಿಯೋಪಿಯಾದ ಬಾಲೆ ಬೆಟ್ಟಗಳಲ್ಲಿ ಫಿಂಚಾ ಹಬೇರಾ ಎಂಬ ಕಲ್ಲಾಸರೆ (ಚಾಚಿದ ಬಂಡೆಯ ಕೆಳಗಿನ ಆಸರೆ) ಇದೆ. ಎತ್ತರ ಸುಮಾರು 3,470 ಮೀಟರ್, ಅಂದರೆ ನಮ್ಮ ಜೋಗಿಮಟ್ಟಿ ಬೆಟ್ಟದ ಎರಡು ಪಟ್ಟಿಗಿಂತ ಜಾಸ್ತಿ! 47,000ದಿಂದ 31,000 ವರ್ಷಗಳ ಹಿಂದೆ ಜನ ಅಲ್ಲಿ ಮತ್ತೆ ಮತ್ತೆ ಬಂದು ತಂಗಿದ್ದರು. ಒಲೆ ಹೂಡಿದ ಗುರುತು, ಸುಟ್ಟ ಮೂಳೆಗಳು ಸಿಕ್ಕಿವೆ. ಬಿಲದಲ್ಲಿರುವ ಹೆಗ್ಗಣದಂಥ ದೊಡ್ಡ ಪ್ರಾಣಿಯನ್ನು ಸುಟ್ಟು ತಿನ್ನುತ್ತಿದ್ದರು. ಆಯುಧಕ್ಕೆ ಬೇಕಾದ ಕರಿ ಗಾಜುಗಲ್ಲನ್ನು 4,200 ಮೀಟರಿಗೂ ಮೇಲಿನಿಂದ ತರುತ್ತಿದ್ದರು. ನನಗೆ ತುಂಬಾ ಇಷ್ಟವಾದದ್ದು ಇದೇ. ಸುಮ್ನೆ ದಾರಿ ತಪ್ಪಿ ಬಂದವರು ಇಷ್ಟು ತಿಳಿದಿರಲ್ಲ, ಅಲ್ವಾ? ವರ್ಷಪೂರ್ತಿ ಇದ್ದರು ಅಂತ ಮಾತ್ರ ಇದರಿಂದ ಹೇಳಲು ಬರುವುದಿಲ್ಲ.

ಟಿಬೆಟ್‌ನ ನ್ವಾ ದೇವುನಲ್ಲಿ, 4,600 ಮೀಟರ್ ಎತ್ತರದಲ್ಲೂ 30,000 ವರ್ಷ ದಾಟಿದ ಕಲ್ಲಿನ ಆಯುಧಗಳಿವೆ.