ತಟ್ಟೆ ಬೇರೆ ಇಟ್ಟಿದ್ದೀರಿ, ಬ್ಲೇಡು?

ದಾವಣಗೆರೆ ಕಡೆಯ ಓದುಗರೊಬ್ಬರು ಹೆಸರು ಹಾಕಬೇಡಿ ಅಂತ ಕೇಳಿಕೊಂಡು ಬರೆದಿದ್ದಾರೆ. ಪತ್ರದ ಸಾರ ಇಷ್ಟು. ಅವರ ಮೈದುನ ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟರು. ಆಮೇಲೆ ಬ್ಲಡ್ ಬ್ಯಾಂಕಿನವರು ಕರೆದು, ಹೆಪಟೈಟಿಸ್ ಬಿ, ಅಂದರೆ ಲಿವರಿಗೆ ತಗಲುವ ವೈರಸ್ ಸೋಂಕು, ಪಾಸಿಟಿವ್ ಬಂದಿದೆ ಅಂದರು. ಅಂದಿನಿಂದ ಮನೆಯಲ್ಲಿ ಅವರ ತಟ್ಟೆ, ಲೋಟ ಬೇರೆ. ಅಣ್ಣನ ಮಗುವನ್ನು ಎತ್ತಿಕೊಳ್ಳಲು ಅತ್ತೆ ಬಿಡುತ್ತಿಲ್ಲ. ಹುಡುಗ ಎಲ್ಲೋ ದಾರಿ ತಪ್ಪಿರಬೇಕು ಅಂತ ನೆಂಟರು ಆಡಿಕೊಳ್ಳುತ್ತಿದ್ದಾರೆ. ಮಾತುಕತೆಯಾಗಿದ್ದ ಸಂಬಂಧವೂ ನಿಂತಿದೆ. "ನಾವು ಮಾಡುತ್ತಿರುವುದು ಸರಿಯಾ? ಮಗುವಿಗೆ ಅಂಟುತ್ತದಾ? ಅವನಿಗೆ ಮದುವೆ ಮಾಡಬಹುದಾ?" ಅಂತ ಕೇಳಿದ್ದಾರೆ.

ಅಮ್ಮಾ, ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ತಟ್ಟೆ, ಲೋಟ ಬೇರೆ ಇಡಬೇಕಾಗಿಲ್ಲ. ಒಟ್ಟಿಗೆ ಕೂತು ಊಟ ಮಾಡುವುದರಿಂದ, ಒಂದೇ ಬಚ್ಚಲು ಬಳಸುವುದರಿಂದ, ಕೆಮ್ಮಿನಿಂದ, ಸೊಳ್ಳೆ ಕಚ್ಚುವುದರಿಂದ ಹೆಪಟೈಟಿಸ್ ಬಿ ಬರುವುದಿಲ್ಲ. ಮಗುವನ್ನು ಚಿಕ್ಕಪ್ಪ ಎತ್ತಿಕೊಳ್ಳಲಿ, ಮುದ್ದು ಮಾಡಲಿ. ಮಗುವಿನ ತಾಯಿ ಕಾರ್ಡ್ ತೆಗೆದು ನೋಡಿ. ಹುಟ್ಟಿದ ದಿನದ ಹೆಪಟೈಟಿಸ್ ಬಿ ಲಸಿಕೆ, ಆಮೇಲೆ 6, 10, 14ನೇ ವಾರದ ಪೆಂಟಾವೇಲೆಂಟ್ ಲಸಿಕೆ ಆಗಿದೆಯಾ ಅಂತ ನೋಡಿಕೊಳ್ಳಿ. ಪೆಂಟಾವೇಲೆಂಟ್ ಒಳಗೂ ಹೆಪಟೈಟಿಸ್ ಬಿ ಲಸಿಕೆ ಇರುತ್ತದೆ. ಎಲ್ಲ ಆಗಿದ್ದರೆ ಮಗುವಿನ ಬಗ್ಗೆ ನಿಶ್ಚಿಂತೆಯಾಗಿರಿ.

ನಿಮ್ಮ ಮನೆಯವರ ಭಯ ಎಲ್ಲಿಂದ ಬಂತು ಅಂತ ನನಗೆ ಅರ್ಥವಾಗುತ್ತದೆ. ಜಾಂಡೀಸ್ ಅಂದರೆ ನೀರು ಕೆಟ್ಟಿದೆ, ಊಟ ಕೆಟ್ಟಿದೆ ಅಂತ ನಾವೆಲ್ಲ ಕೇಳಿಕೊಂಡು ಬೆಳೆದಿದ್ದೇವೆ. ಅದು ಹೆಪಟೈಟಿಸ್ ಎ ಮತ್ತು ಇ ಮಟ್ಟಿಗೆ ನಿಜ. ಬಿ ಮತ್ತು ಸಿ ಹಾಗಲ್ಲ, ಅವು ರಕ್ತದಿಂದ ರಕ್ತಕ್ಕೆ ಹೋಗುತ್ತವೆ, ಲೈಂಗಿಕ ಸಂಪರ್ಕದಿಂದ ಹೋಗುತ್ತವೆ, ತಾಯಿಯಿಂದ ಮಗುವಿಗೆ ಹೋಗುತ್ತವೆ. ಎಚ್‌ಐವಿ ದಾರಿಯೂ ಇದೇ.

ಈಗ ನಾನು ಒಂದು ಪ್ರಶ್ನೆ ಕೇಳುತ್ತೇನೆ. ತಟ್ಟೆ ಬೇರೆ ಮಾಡಿದ ಮನೆಯಲ್ಲಿ ಶೇವಿಂಗ್ ರೇಜರ್ ಬೇರೆ ಮಾಡಿದಿರಾ? ಉಗುರು ಕತ್ತರಿಸುವ ನೇಲ್ ಕಟರ್? ಟೂತ್‌ಬ್ರಷ್? ಮನೆಯಲ್ಲಿ ಶುಗರ್ ಇರುವವರಿದ್ದರೆ, ಬೆರಳು ಚುಚ್ಚಿ ನೋಡುವ ಆ ಪೆನ್ನು? ಅದು ತುಂಬಾ ಮನೆಗಳಲ್ಲಿ ಒಂದೇ ಇರುತ್ತದೆ. ಅಪ್ಪನಿಗೆ ಚುಚ್ಚಿದ ಮೇಲೆ "ನನ್ನದೂ ಒಂದ್ಸಲ ನೋಡು" ಅಂತ ಉಳಿದವರೂ ಬೆರಳು ಚಾಚುತ್ತಾರೆ. ಅಮೆರಿಕದಲ್ಲಿ ವೃದ್ಧರನ್ನು ನೋಡಿಕೊಳ್ಳುವ ಕೇಂದ್ರಗಳಲ್ಲಿ ಇದೇ ಸಾಧನವನ್ನು ಹಂಚಿಕೊಂಡಿದ್ದರಿಂದ ಹೆಪಟೈಟಿಸ್ ಬಿ ಹಬ್ಬಿದ ಪ್ರಕರಣಗಳು ಒಂದಲ್ಲ ಎರಡಲ್ಲ. ಸೂಜಿ ಬದಲಾಯಿಸಿದರೂ ಸಾಲದು, ಪೆನ್ನೇ ಒಬ್ಬರಿಗೊಂದು ಇರಬೇಕು.

ಇಷ್ಟು ಒತ್ತಿ ಹೇಳಲು ಕಾರಣ ಇದೆ. ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಬಂದ ಮೇಲೂ, ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರುತ್ತದೆ. ಆ ರಕ್ತ ನಮ್ಮ ಕಣ್ಣಿಗೆ ಕಾಣಬೇಕು ಅಂತೇನಿಲ್ಲ. ಸೋಂಕಿರುವ ರಕ್ತ ತಾಗಿದ ಸೂಜಿ ಚುಚ್ಚಿದಾಗ ಎಚ್‌ಐವಿ ಬರುವ ಸಾಧ್ಯತೆ ಸಾವಿರಕ್ಕೆ ಸುಮಾರು 3. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಬರುವ ಸಾಧ್ಯತೆ ನೂರಕ್ಕೆ 6ರಿಂದ 30ರವರೆಗೂ ಇದೆ. ಜನ ಎಚ್‌ಐವಿ ಅಂದರೆ ಬೆಚ್ಚಿಬೀಳುತ್ತಾರೆ, ಇದನ್ನು ಮಾತ್ರ ಕೇಳಿದ್ದೇ ಕಡಿಮೆ.

ಮನೆಯ ಹೊರಗೂ ಇದೇ ಕಥೆ. ಕ್ಷೌರದಂಗಡಿಯಲ್ಲಿ ಕೂತಾಗ ಹೊಸ ಬ್ಲೇಡನ್ನು ನಿಮ್ಮ ಎದುರಿಗೇ ಮುರಿದು ಹಾಕಲಿ. ಕೇಳಲು ಸಂಕೋಚ ಯಾಕೆ? ಬ್ಲೇಡು ಹೊಸದಾದರೂ ಗೀರಿದ ಜಾಗಕ್ಕೆ ಉಜ್ಜುವ ಪಟಿಕದ ಕಲ್ಲು ಎಲ್ಲರ ಮುಖಕ್ಕೂ ಒಂದೇ, ಅದನ್ನು ಬೇಡ ಅನ್ನಿ. ಜಾತ್ರೆಯಲ್ಲಿ ಹಚ್ಚೆ ಹಾಕುವ ಕಡೆ ಸೂಜಿಯಷ್ಟೇ ಅಲ್ಲ, ಅದ್ದುವ ಬಣ್ಣದ ಬಟ್ಟಲೂ ಪ್ರತಿಯೊಬ್ಬರಿಗೆ ಬೇರೆ ಇರಬೇಕು. ಹಾಗಿಲ್ಲದಿದ್ದರೆ ಎದ್ದು ಬನ್ನಿ.

ಇಂಜೆಕ್ಷನ್ ವಿಷಯಕ್ಕೆ ಬಂದರೆ ನನಗೆ ಸಿಟ್ಟು ಬರುತ್ತದೆ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಹಬ್ಬಿ ಹಲವಾರು ಜನ ಸತ್ತರು. ಬಳಸಿದ ಸಿರಿಂಜುಗಳನ್ನೇ ಮತ್ತೆ ಬಳಸಿದ್ದು ಅದಕ್ಕೆ ಕಾರಣ ಅಂತ ತನಿಖೆಯಲ್ಲಿ ಹೊರಬಂತು. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಾಂಗರ್‌ಮವು ಕಡೆ ಹತ್ತಾರು ಜನರಲ್ಲಿ ಎಚ್‌ಐವಿ ಪತ್ತೆಯಾದಾಗ, ಕಡಿಮೆ ದುಡ್ಡಿಗೆ ಇಂಜೆಕ್ಷನ್ ಕೊಡುತ್ತಿದ್ದ ನಕಲಿ ವೈದ್ಯನೊಬ್ಬನ ಕಡೆ ಬೆರಳು ತೋರಿತು. ಅಲ್ಲಿಗೆ ಜನ ಹೋಗಿದ್ದು ಜ್ವರ, ಕೆಮ್ಮು, ಮೈಕೈ ನೋವಿಗೆ. ಅವರ ಬಗ್ಗೆ ಯಾರಾದರೂ "ದಾರಿ ತಪ್ಪಿದವರು" ಅಂದರೆ ಹೇಗಿರುತ್ತದೆ? ನಮ್ಮಲ್ಲೂ ಸೂಜಿ ಹಾಕದ ಡಾಕ್ಟರು ಡಾಕ್ಟರೇ ಅಲ್ಲ ಅನ್ನುವ ನಂಬಿಕೆ ಜಾಸ್ತಿ. ಮಾತ್ರೆಯಲ್ಲಿ ವಾಸಿಯಾಗುವುದಕ್ಕೆ ಸುಮ್ನೆ ಸೂಜಿ ಕೇಳಬೇಡಿ. ಬೇಕೇಬೇಕು ಅಂದಾಗ ಪ್ಯಾಕೆಟ್ ನಿಮ್ಮ ಕಣ್ಣೆದುರು ಒಡೆಯಲಿ. ಸೂಜಿ ಹೊಸದು, ಸಿರಿಂಜು ಮಾತ್ರ ಹಳೆಯದು ಅಂದರೂ ಒಪ್ಪಬೇಡಿ, ಯಾಕಂದರೆ ರಕ್ತ ಹಿಂದಕ್ಕೆ ಸಿರಿಂಜಿನೊಳಗೂ ಹೋಗಿರುತ್ತದೆ. ಸ್ಪಿರಿಟ್ಟಿನಲ್ಲಿ ಒರೆಸಿದರೆ ಅದು ಹೋಗುವುದಿಲ್ಲ.

ನಿಮ್ಮ ಪತ್ರದಲ್ಲಿ ಇನ್ನೊಂದು ಮಾತಿದೆ, "ರಕ್ತ ಕೊಡಲು ಹೋಗಿಯೇ ಹೀಗಾಯಿತು" ಅಂತ ಮಾವನವರು ಹೇಳಿದ್ದು. ಇಲ್ಲ. ರಕ್ತ ತೆಗೆಯುವ ಚೀಲ, ಸೂಜಿ ಎಲ್ಲ ಒಬ್ಬರಿಗೇ ಬಳಸಿ ಬಿಸಾಡುವಂಥವು. ದಾನವಾಗಿ ಬಂದ ಪ್ರತಿ ಚೀಲದ ರಕ್ತಕ್ಕೂ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ. ಆ ಪರೀಕ್ಷೆಯಿಂದಲೇ ನಿಮ್ಮ ಮೈದುನನಿಗೆ ಗೊತ್ತಾಗಿದ್ದು. ಗೊತ್ತಾಗದೆ ಹೋಗಿದ್ದರೆ ಲಿವರ್ ಹಾಳಾದ ಮೇಲೆ ಗೊತ್ತಾಗುತ್ತಿತ್ತು, ಏಕೆಂದರೆ ಈ ಸೋಂಕು ಎಷ್ಟೋ ವರ್ಷ ಯಾವ ಲಕ್ಷಣವನ್ನೂ ತೋರಿಸದೆ ಕೂತಿರುತ್ತದೆ. ಅವರು ಇನ್ನು ಮುಂದೆ ರಕ್ತ ಕೊಡುವ ಹಾಗಿಲ್ಲ, ಅಷ್ಟೇ.

ಅವರಿಗೆ ಎಲ್ಲಿಂದ ಬಂತು? ಇದು ಸ್ವಲ್ಪ ಸೂಕ್ಷ್ಮ. ದೊಡ್ಡವರಾದ ಮೇಲೆ ಈ ವೈರಸ್ ಬಂದರೆ ನೂರರಲ್ಲಿ 95ಕ್ಕೂ ಹೆಚ್ಚು ಜನರಲ್ಲಿ ತಾನಾಗಿಯೇ ಹೋಗಿಬಿಡುತ್ತದೆ. ಹಸುಗೂಸಿಗೆ ಬಂದರೆ ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ಜೀವನಪೂರ್ತಿ ಉಳಿಯುತ್ತದೆ. ದೇಶದಾದ್ಯಂತ ಎಲ್ಲ ಮಕ್ಕಳಿಗೂ ಈ ಲಸಿಕೆ ಸಿಗುವಂತಾದದ್ದು 2011ರ ಹೊತ್ತಿಗೆ. ಅದಕ್ಕೂ ಮೊದಲು ಹುಟ್ಟಿದವರಲ್ಲಿ ಎಷ್ಟೋ ಜನರಿಗೆ ಇದು ಹೆರಿಗೆ ಸಮಯದಲ್ಲೋ ಚಿಕ್ಕ ವಯಸ್ಸಿನಲ್ಲೋ ಬಂದಿರುತ್ತದೆ. ಹಾಗಾಗಿ ಅತ್ತೆಯವರಿಗೂ, ನಿಮ್ಮ ಯಜಮಾನರಿಗೂ, ನಿಮಗೂ ಎಚ್‌ಬಿಎಸ್‌ಎಜಿ ಅನ್ನುವ ರಕ್ತ ಪರೀಕ್ಷೆ ಆಗಲೇಬೇಕು. ಅತ್ತೆಗೆ ಹೇಳುವಾಗ ದಯವಿಟ್ಟು ನಿಧಾನವಾಗಿ ಹೇಳಿ. "ನಿಮ್ಮಿಂದಲೇ ಬಂತು" ಅನ್ನುವ ಅರ್ಥ ಬರಬಾರದು. ಆಗಿನ ಕಾಲದಲ್ಲಿ ಅವರಿಗೆ ಪರೀಕ್ಷೆಯನ್ನೂ ಯಾರೂ ಮಾಡಿರಲಿಲ್ಲ, ಮಗುವಿಗೆ ಲಸಿಕೆಯೂ ಸಿಗುತ್ತಿರಲಿಲ್ಲ. ಇದರಲ್ಲಿ ತಾಯಿಯ ತಪ್ಪು ಏನೂ ಇಲ್ಲ, ಮಗನದ್ದೂ ಇಲ್ಲ. ನೆಂಟರಿಗೆ ಇದನ್ನೇ ಹೇಳಿ, ಬಾಯಿ ಮುಚ್ಚಿಸಿ.

ಮದುವೆ ಖಂಡಿತ ಮಾಡಬಹುದು. ಆದರೆ ಮುಚ್ಚಿಟ್ಟು ಮಾಡಬೇಡಿ. ಹುಡುಗಿಗೇ ನೇರವಾಗಿ ಹೇಳಬೇಕು, ಬರೀ ಅವಳ ಅಪ್ಪನ ಕಿವಿಗೆ ಹಾಕಿದರೆ ಆಗುವುದಿಲ್ಲ. ಅವಳು ಪರೀಕ್ಷೆ ಮಾಡಿಸಿಕೊಂಡು, ಸೋಂಕು ಇಲ್ಲದಿದ್ದರೆ ಲಸಿಕೆ ಶುರು ಮಾಡಲಿ. ಮೊದಲ ಡೋಸ್, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮೂರೂ ಆದ ಒಂದೆರಡು ತಿಂಗಳಿಗೆ ರಕ್ಷಣೆ ಬಂದಿದೆಯಾ ಅಂತ ಇನ್ನೊಂದು ಪರೀಕ್ಷೆಯಲ್ಲಿ ತಿಳಿಯುತ್ತದೆ. ಅದು ಖಚಿತವಾಗುವವರೆಗೆ ಕಾಂಡೋಮ್ ಬಳಸಬೇಕು. ಮುಂದೆ ಮಗು ಹುಟ್ಟಿದಾಗ 24 ಗಂಟೆಯೊಳಗೆ ಮೊದಲ ಲಸಿಕೆ ತಪ್ಪಿಸಬೇಡಿ.

ಇನ್ನು ಚಿಕಿತ್ಸೆ. ಒಂದು ಪಾಸಿಟಿವ್ ಚೀಟಿಯಿಂದಲೇ ಎಲ್ಲ ತೀರ್ಮಾನ ಆಗುವುದಿಲ್ಲ. ಮೊದಲು ಅದನ್ನು ಖಚಿತಪಡಿಸಿಕೊಳ್ಳಬೇಕು. ಆರು ತಿಂಗಳಾದ ಮೇಲೂ ವೈರಸ್ ಇದ್ದರೆ ಅದು ಹಳೆಯ ಸೋಂಕು ಅಂತ ಲೆಕ್ಕ. ಲಿವರ್ ಪರೀಕ್ಷೆ, ವೈರಸ್ ಎಷ್ಟಿದೆ ಅನ್ನುವ ಡಿಎನ್‌ಎ ಪರೀಕ್ಷೆ, ಸ್ಕ್ಯಾನಿಂಗ್ ನೋಡಿ ಮಾತ್ರೆ ಬೇಕಾ ಬೇಡವಾ ಅಂತ ಡಾಕ್ಟರು ಹೇಳುತ್ತಾರೆ. ಎಲ್ಲರಿಗೂ ಮಾತ್ರೆ ಬೇಕಾಗುವುದಿಲ್ಲ, ಆದರೆ ತಪಾಸಣೆ ಎಲ್ಲರಿಗೂ ಬೇಕು. ಹೆಪಟೈಟಿಸ್ ಸಿ ಇದ್ದವರ ವಿಷಯ ಬೇರೆ, ಅದಕ್ಕೆ ಲಸಿಕೆ ಇಲ್ಲ, ಆದರೆ ಸಾಮಾನ್ಯವಾಗಿ 12 ವಾರ ಮಾತ್ರೆ ತೆಗೆದುಕೊಂಡರೆ ನೂರಕ್ಕೆ 95 ಜನರಿಗೆ ಪೂರ್ತಿ ವಾಸಿಯಾಗುತ್ತದೆ. ಎರಡಕ್ಕೂ ಉಚಿತ ಪರೀಕ್ಷೆ, ಔಷಧಿ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2018ರ ಜುಲೈ 28ರಿಂದ ನಡೆಯುತ್ತಿದೆ. ಜಿಲ್ಲಾಸ್ಪತ್ರೆಗೆ ಹೋಗಿ ವೈರಲ್ ಹೆಪಟೈಟಿಸ್ ಚಿಕಿತ್ಸೆ ಎಲ್ಲಿ ಅಂತ ಕೇಳಿ. ಬ್ಲಡ್ ಬ್ಯಾಂಕಿನವರು ಕೊಟ್ಟ ರಿಪೋರ್ಟ್ ಜೊತೆಗೆ ಒಯ್ಯಿರಿ. ಮೈದುನ ಕುಡಿಯುವವರಾದರೆ ಇವತ್ತೇ ಬಿಡಬೇಕು. ನಾಟಿ ಔಷಧಿ ಅಂತ ಯಾರೋ ಕೊಟ್ಟ ಸೊಪ್ಪಿನ ರಸ ಕುಡಿಸಬೇಡಿ, ಈಗಾಗಲೇ ಕೊಡುತ್ತಿದ್ದರೆ ಅದನ್ನೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಅವರೊಬ್ಬರನ್ನೇ ಕಳಿಸಬೇಡಿ, ನೀವೋ ಅವರ ಅಣ್ಣನೋ ಜೊತೆಗೆ ಹೋಗಿ. ಮನೆಯವರ ಪರೀಕ್ಷೆಯೂ ಅದೇ ದಿನ ಆಗಿಬಿಡಲಿ.