ಫ್ರೀ ಟ್ರೇಡ್ ಬಂದ್ರೆ ಫುಡ್ ಫ್ಯಾಕ್ಟರಿ ಹೆಂಗಸರಿಗೆ ಲಾಭಾನಾ?

ಪ್ರಶ್ನೆ: ಮೇಡಂ, ಫ್ರೀ ಟ್ರೇಡ್ ಒಪ್ಪಂದ ಆದ್ರೆ ಎಕ್ಸ್‌ಪೋರ್ಟ್ ಹೆಚ್ಚಾಗಿ ಫುಡ್ ಫ್ಯಾಕ್ಟರಿಗಳಲ್ಲಿ ಹೆಂಗಸರಿಗೆ ತುಂಬಾ ಕೆಲಸ ಸಿಗುತ್ತೆ ಅಂತಾರೆ. ನಿಜಾನಾ?

ಉತ್ತರ: ಕೆಲಸ ಸಿಗುತ್ತೆ ಅನ್ನೋದು ಸುಳ್ಳಲ್ಲಮ್ಮ. ಒಪ್ಪಂದದಿಂದ ಬೇರೆ ದೇಶದೋರು ನಮ್ಮ ಸರಕಿಗೆ ಹಾಕೋ ಸುಂಕ ಇಳಿದ್ರೆ ಆರ್ಡರ್ ಬರುತ್ತೆ, ಆರ್ಡರ್ ಬಂದ್ರೆ ಹಣ್ಣು ಪ್ಯಾಕ್ ಮಾಡೋಕೆ, ಸೀಗಡಿ ಸುಲಿಯೋಕೆ, ಗೇರುಬೀಜ ಒಡೆಯೋಕೆ ಜನ ಬೇಕು, ಆ ಸಾಲಲ್ಲಿ ಕೂರೋರು ಹೆಚ್ಚಾಗಿ ಹೆಂಗಸರೇ. ಎಷ್ಟೋ ಜನಕ್ಕೆ ಸ್ವಂತ ಕೈಗೆ ಬಂದ ಮೊದಲ ಸಂಬಳ ಅದು, ಅದನ್ನ ಸಣ್ಣದು ಅಂತ ನಾನು ಯಾವತ್ತೂ ಹೇಳಲ್ಲ.

ಆದ್ರೆ ಎಂಥಾ ಕೆಲಸ, ಎಷ್ಟು ದಿನದ್ದು ಅಂತ ನೋಡ್ಬೇಕಲ್ವಾ. ದಕ್ಷಿಣ ಅಮೆರಿಕದ ಚಿಲಿಯಿಂದ ದ್ರಾಕ್ಷಿ, ಚೆರ್ರಿ ಪ್ರಪಂಚಕ್ಕೆಲ್ಲ ಹೋಗುತ್ತೆ, ಅಲ್ಲಿ ಅದನ್ನ ಕೊಯ್ದು ಪ್ಯಾಕ್ ಮಾಡೋ ಹೆಂಗಸರಿಗೆ ತೆಂಪೊರೆರಾ ಅಂತಾನೇ ಹೆಸರು, ಅಂದ್ರೆ ಸೀಸನ್‌ಗಷ್ಟೇ ಬರೋರು. ಸೀಸನ್ ಮುಗೀತು ಅಂದ್ರೆ ಆ ಕೂಲಿನೂ ಮುಗೀತು.

ಇನ್ನೊಂದು ಕಥೆ ನನ್ನನ್ನ ತುಂಬಾ ಕಾಡುತ್ತೆ. 1990ರ ದಶಕದಲ್ಲಿ ಆಫ್ರಿಕಾದ ಮೊಜಾಂಬಿಕ್ ದೇಶಕ್ಕೆ ಸಾಲ ಕೊಡುವಾಗ ವಿಶ್ವ ಬ್ಯಾಂಕ್, ಹಸಿ ಗೇರುಬೀಜದ ರಫ್ತು ತೆರಿಗೆ ಇಳಿಸಿ, ರೈತನಿಗೆ ಒಳ್ಳೆ ರೇಟ್ ಸಿಗುತ್ತೆ ಅಂತ ಷರತ್ತು ಹಾಕ್ತು. ಬೀಜ ಎಲ್ಲಾ ಹಡಗು ಹತ್ತಿ ಭಾರತಕ್ಕೆ ಬಂತು, ಮೊಜಾಂಬಿಕ್ ಗೇರು ಫ್ಯಾಕ್ಟರಿಗಳು ಒಂದೊಂದೇ ಬಾಗಿಲು ಹಾಕಿ ಸಾವಿರಾರು ಜನ ಬೀದಿಗೆ ಬಿದ್ರು, ಅವರಲ್ಲಿ ಹೆಂಗಸರು ತುಂಬಾ ಇದ್ರು. ಇತ್ತ ಭಾರತದಲ್ಲಿ ಆ ಬೀಜ ಒಡೆದೋರೂ ಹೆಂಗಸರೇ. ಗೇರು ಸಿಪ್ಪೆಯೊಳಗಿನ ಸೊನೆ ಚರ್ಮ ಸುಡುತ್ತೆ, ಅದಕ್ಕೆ ಬೂದಿನೋ ಎಣ್ಣೆನೋ ಹಚ್ಕೊಂಡು ಕೂರ್ತಾರೆ, ಆದ್ರೂ ಬೆರಳು ಕಪ್ಪಾಗೇ ಇರುತ್ತೆ, ಕೂಲಿ ಎಷ್ಟೋ ಕಡೆ ದಿನದ ಲೆಕ್ಕದಲ್ಲಲ್ಲ, ತೂಕದ ಲೆಕ್ಕದಲ್ಲಿ. ಮೊಜಾಂಬಿಕ್ ರೈತನಿಗಾದ್ರೂ ಅಂದ್ಕೊಂಡಷ್ಟು ಸಿಕ್ತಾ ಅಂದ್ರೆ ಅದೂ ಇಲ್ಲ.

ಆಮದಿನ ಕಡೆಯಿಂದಾನೂ ಏಟು ಬೀಳುತ್ತೆ. ಕೆರಿಬಿಯನ್ ದೇಶ ಹೈಟಿ 1995ರಲ್ಲಿ ಅಕ್ಕಿ ಸುಂಕ 3 ಪರ್ಸೆಂಟ್‌ಗೆ ಇಳಿಸ್ತು, ಅಮೆರಿಕದ ಅಗ್ಗದ ಅಕ್ಕಿ ನುಗ್ಗಿತು, ಊರಿನ ಬೆಳೆ ಕೊಂಡು ಪೇಟೆಗೆ ತರ್ತಿದ್ದ ಹೆಂಗಸರ ವ್ಯಾಪಾರಕ್ಕೂ ಪೆಟ್ಟು ಬಿತ್ತು. ಆ ನೀತಿ ತಪ್ಪಾಗಿತ್ತು ಅಂತ ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ 2010ರಲ್ಲಿ ಒಪ್ಕೊಂಡ್ರು.

ಈಗೀಗ ಒಪ್ಪಂದಗಳಲ್ಲಿ ಹೆಂಗಸರಿಗೆ ಅಂತಾನೇ ಒಂದು ಅಧ್ಯಾಯ ಸೇರಿಸ್ತಾರೆ, 2016ರ ಚಿಲಿ-ಉರುಗ್ವೆ ಒಪ್ಪಂದದಲ್ಲಿ ಅದು ಶುರುವಾಯ್ತು. ಒಳ್ಳೇದೇ. ಆದ್ರೆ ಸುಂಕದ ಮಾತು ತಪ್ಪಿದ್ರೆ ವ್ಯಾಜ್ಯ ಹೂಡಬಹುದು, ಆ ಅಧ್ಯಾಯದ ಮಾತು ತಪ್ಪಿದ್ರೆ ಹೂಡೋ ಹಾಗಿಲ್ಲ ಅಂತ ಅದರಲ್ಲೇ ಬರೆದಿದೆ. 2020ರಲ್ಲಿ ಜಾರಿಗೆ ಬಂದ ಅಮೆರಿಕ-ಮೆಕ್ಸಿಕೋ-ಕೆನಡಾ ಒಪ್ಪಂದದಲ್ಲಿ ಸಂಘ ಕಟ್ಟೋ ಹಕ್ಕು ತುಳಿದ್ರೆ ಆ ಒಂದು ಫ್ಯಾಕ್ಟರಿ ಮೇಲೇ ದೂರು ಕೊಡೋ ದಾರಿ ಇಟ್ಟಿದ್ದಾರೆ, ಅಂದ್ರೆ ಮನಸ್ಸಿದ್ರೆ ಮಾಡೋಕೆ ಬರುತ್ತೆ. ಸೀಸನ್ ಹೆಂಗಸರ ಕೂಲಿಗೆ, ಹೆರಿಗೆ ರಜೆಗೂ ಅಂಥದ್ದೇ ದಾರಿ ಬೇಕು ಅಂತ ನಾನಂತೂ ಕೇಳ್ತಾನೇ ಇರ್ತೀನಿ.