ರಾತ್ರಿ ಊಟ ಬಿಟ್ಟರೂ ಬೆಳಗ್ಗೆ ಸಕ್ಕರೆ ಏರಿರುವುದೇಕೆ?

ಮಧುಮೇಹಕ್ಕೆ ಮಾತ್ರೆ ತೆಗೆದುಕೊಳ್ಳುವ ನಿಮ್ಮ ತಂದೆಯವರು ಎರಡು ರಾತ್ರಿ ಉಪವಾಸ ಮಲಗಿದರೂ ಬೆಳಗ್ಗೆ ಗ್ಲುಕೋಮೀಟರ್ 168 ತೋರಿಸಿತು, ಕದ್ದುಮುಚ್ಚಿ ಏನಾದರೂ ತಿನ್ನುತ್ತಿರಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಅವರನ್ನು ಅನುಮಾನಿಸಬೇಡಿ. ನಾನು ನನ್ನ ತಾಯಿಯನ್ನು ಹಾಗೆಯೇ ಅನುಮಾನಿಸಿ, ಬೆಲ್ಲದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಅಮ್ಮ ಒಂದು ಮಾತೂ ಆಡಲಿಲ್ಲ. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಬೆಳಗಿನ ಆ ಸಕ್ಕರೆಯನ್ನು ರಕ್ತಕ್ಕೆ ಬಿಡುವುದು ಅವರದೇ ಪಿತ್ತಜನಕಾಂಗ, ಅಂದರೆ ಲಿವರ್. ಆರೋಗ್ಯವಂತರ ಸುಮಾರು 5 ಲೀಟರ್ ರಕ್ತದಲ್ಲಿ ಖಾಲಿ ಹೊಟ್ಟೆಯಲ್ಲಿರುವ ಗ್ಲುಕೋಸ್ ಸುಮಾರು 5 ಗ್ರಾಂ, ಒಂದು ಟೀ ಚಮಚದಷ್ಟು. ಮೆದುಳೊಂದಕ್ಕೇ ದಿನಕ್ಕೆ ಸುಮಾರು 120 ಗ್ರಾಂ ಬೇಕು. ನಿದ್ದೆಯಲ್ಲೂ ಗಂಟೆಗೊಂದು ಚಮಚ ಖರ್ಚಾಗುತ್ತಲೇ ಇರುತ್ತದೆ! ಅದನ್ನು ತುಂಬಿಕೊಡಲು ಲಿವರ್ ಹಗಲು ಕೂಡಿಟ್ಟ ಗ್ಲೈಕೋಜನ್ ಅನ್ನು, ಅಂದರೆ ಗ್ಲುಕೋಸಿನ ದಾಸ್ತಾನನ್ನು, ಒಡೆಯುತ್ತದೆ; ಜೊತೆಗೆ ಪ್ರೋಟೀನಿನ ಅಂಶಗಳಿಂದ ಹೊಸದಾಗಿಯೂ ಗ್ಲುಕೋಸ್ ತಯಾರಿಸುತ್ತದೆ. ಮೇದೋಜೀರಕ ಗ್ರಂಥಿಯಿಂದ ಬರುವ ಗ್ಲುಕಗಾನ್ ಅದಕ್ಕೆ ‘ಬಿಡು’ ಎನ್ನುತ್ತದೆ, ಅಲ್ಲಿಂದಲೇ ಬರುವ ಇನ್ಸುಲಿನ್ ‘ಸಾಕು’ ಎನ್ನುತ್ತದೆ. ಟೈಪ್ 2 ಮಧುಮೇಹದಲ್ಲಿ ಲಿವರ್ ಈ ‘ಸಾಕು’ ಎಂಬುದನ್ನು ಸರಿಯಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ. ಸಾಲದ್ದಕ್ಕೆ ಬೆಳಗಿನ ಜಾವ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರಿ ಅದನ್ನು ಇನ್ನಷ್ಟು ಹುರಿದುಂಬಿಸುತ್ತವೆ. ಮೆಟ್‌ಫಾರ್ಮಿನ್ ಮಾತ್ರೆ ಮುಖ್ಯವಾಗಿ ತಗ್ಗಿಸುವುದು ಲಿವರಿನ ಈ ತಯಾರಿಕೆಯನ್ನೇ.

ನನಗೆ ಭಯವಾಗಿರುವುದು 168ರ ಬಗ್ಗೆ ಅಲ್ಲ, ಅವರು ಮಾತ್ರೆ ನುಂಗಿ ಊಟ ಬಿಟ್ಟಿರುವುದರ ಬಗ್ಗೆ. ಗ್ಲಿಮಿಪಿರೈಡ್‌ನಂಥ ಮಾತ್ರೆ ಹೊಟ್ಟೆ ಖಾಲಿಯಿದ್ದರೂ ಇನ್ಸುಲಿನ್ ಸುರಿಸುತ್ತದೆ. ಹೀಗೆಯೇ ಊಟ ಬಿಟ್ಟ ಒಂದು ರಾತ್ರಿ, ಎರಡು ಗಂಟೆಗೆ ಬಚ್ಚಲಿಗೆಂದು ಎದ್ದ ಅಮ್ಮ ಬಾಗಿಲ ಚಿಲಕ ಹಿಡಿದು ಅದನ್ನು ತೆಗೆಯುವುದು ಹೇಗೆಂದು ತೋಚದೆ ನಿಂತಿದ್ದರು. ಬೆರಳು ನಡುಗುತ್ತಿದ್ದವು, ರವಿಕೆ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಗ್ಲುಕೋಮೀಟರ್‌ನಲ್ಲಿ 54. ಮೂರು ಚಮಚ ಸಕ್ಕರೆ ಕಲಸಿದ ನೀರು ಕುಡಿಸಿ, ಕಾಲು ಗಂಟೆ ಬಿಟ್ಟು ನೋಡಿದಾಗ 88 ಬಂತು. ಆಮೇಲೆ ಮೊಸರನ್ನ ತಿಂದು ಮಲಗಿದರು. ಬೆಳಗ್ಗೆ ಎದ್ದ ಕೂಡಲೇ ಬೀರುವಿನ ಬೀಗ ತೆಗೆದೆ.

ಆದ್ದರಿಂದ ಇವತ್ತೇ ರಾತ್ರಿ ಅವರಿಗೆ ಹೊತ್ತಿಗೆ ಸರಿಯಾಗಿ ಊಟ ಬಡಿಸಿ. ಮುದ್ದೆಯಾದರೆ ಸಣ್ಣದು, ಸೊಪ್ಪಿನ ಸಾರು, ಪಲ್ಯ ಹೆಚ್ಚು. ಒಂದು ವಾರ ಮಲಗುವ ಮುನ್ನ ಮತ್ತು ಎದ್ದ ಕೂಡಲೇ ಪರೀಕ್ಷಿಸಿ ಬರೆದಿಡಿ, ಒಂದೆರಡು ದಿನ ರಾತ್ರಿ ಮೂರಕ್ಕೂ ನೋಡಿ. ಆ ಹಾಳೆಯನ್ನೂ ಮಾತ್ರೆಯ ಚೀಟಿಯನ್ನೂ ವೈದ್ಯರ ಮುಂದಿಡಿ. ಮಾತ್ರೆಯ ಪ್ರಮಾಣವನ್ನು ಅವರೇ ಬದಲಿಸಲಿ, ನೀವಾಗಿ ಬದಲಿಸಬೇಡಿ. ಅಂಕಿ 70ಕ್ಕಿಂತ ಕೆಳಗಿಳಿದರೆ ಮೊದಲು ಸಕ್ಕರೆ ನೀರು ಕುಡಿಸಿ. ಪ್ರಜ್ಞೆ ತಪ್ಪಿದ್ದರೆ ಮಾತ್ರ ಬಾಯಿಗೆ ಏನನ್ನೂ ಹಾಕದೆ ತಕ್ಷಣ 108ಕ್ಕೆ ಕರೆ ಮಾಡಿ.